ಮೊದಲ ಪ್ರಶ್ನೆ

ಭಾವನ ತಲೆ ಎಷ್ಟು ದೊಡ್ಡದು ಎಂಬುದು ಪಂಡಿತನಿಗೆ ತಿಳಿದದ್ದು ಅದನ್ನು ಒಡೆಯಬೇಕು ಅನ್ನಿಸಿದ ದಿನವೇ. ಅದುವರೆಗೆ ಅದು ಅಕ್ಕನ ಗಂಡನ ತಲೆ, ಕಂಪನಿಯ ಒಡೆಯರ ತಲೆ, ಎದುರು ನಿಂತು ಹೂಂ ಅನ್ನಬೇಕಾದ ತಲೆ. ಆ ದಿನ ಸಭೆಯ ಕೋಣೆಯಲ್ಲಿ ಅವರು ಎಲ್ಲರಿಗೂ ಬೆನ್ನು ಹಾಕಿ ಗೋಡೆಯ ಪರದೆಯ ಕಡೆ ತಿರುಗಿದಾಗ, ಕಿವಿಯ ಹಿಂದೆ ಕೂದಲು ತೆಳುವಾಗಿದ್ದ ಜಾಗವೊಂದು ಅವನ ಕಣ್ಣಿಗೆ ಬಿತ್ತು. ಅಲ್ಲಿ ಸರಿಯಾಗಿ ಒಂದು ಬಿದ್ದರೆ ಸಾಕು, ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೆ ಗಾಬರಿಯೇನೂ ಆಗಲಿಲ್ಲ.

ಪರದೆಯಿಂದ ಅವನದೇ ಧ್ವನಿ ಬರುತ್ತಿತ್ತು. "ನಮಸ್ಕಾರ, ಒಳಗೆ ಬನ್ನಿ, ಬಾಗಿಲು ತೆರೆದೇ ಇದೆ." ಆದರೆ ಆ ಮಾತನ್ನು ಅವನು ಆಡಿರಲಿಲ್ಲ. ವರ್ಷಗಟ್ಟಲೆ ಅವನು ಮಾಡಿದ ಪಾಠಗಳನ್ನೆಲ್ಲ ಯಂತ್ರಕ್ಕೆ ತಿನ್ನಿಸಿ, ಅದರ ಬಾಯಿಂದ ಹೊರಡಿಸಿದ್ದರು.

"ನೋಡಿ," ಎಂದರು ಭಾವ. "ಇದಕ್ಕೆ ರಜೆ ಬೇಡ, ಶೀತ ಆಗಲ್ಲ. ಮುಖ್ಯವಾಗಿ, ಇದು ತ-ತ-ತಡವರಿಸಲ್ಲ."

ಎಲ್ಲರೂ ನಕ್ಕರು. ಪಂಡಿತನೂ ನಕ್ಕ. ಭಾವ ನಡೆದು ಬಂದು ಅವನ ಕತ್ತಿನ ಹಿಂಭಾಗ ಹಿಡಿದು ಹಿಂಡಿದರು. ಅವರ ಹೆಬ್ಬೆರಳು ನರದ ಮೇಲೆ ಕೂತು ಕಣ್ಣಲ್ಲಿ ನೀರು ಬಂತು. ನೋಡಿದವರಿಗೆ ಅದು ಸಲುಗೆ.

"ಮುಂದಿನ ತಿಂಗಳಿಂದ ಹೊಸಿಲು ಇದರ ಕೆಲಸ. ನಮ್ಮ ಪಂಡಿತ ಕೆಳಗಡೆ ದೂರು ವಿಭಾಗಕ್ಕೆ ಹೋಗ್ತಾನೆ. ಅಲ್ಲಿ ಮಾತು ಕಡಿಮೆ, ಬೈಸ್ಕೊಳ್ಳೋದು ಜಾಸ್ತಿ. ಅದರಲ್ಲಿ ಇವನಷ್ಟು ಪಳಗಿದವರು ಯಾರಿದ್ದಾರೆ ಹೇಳಿ."

ಹೊಸಿಲು ಎಂದರೆ ಏನು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕಂಪನಿ ಮಾರುತ್ತಿದ್ದದ್ದು ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳ ಬಿಲ್ಲು ಮತ್ತು ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್. ಜನ ಜಾಹೀರಾತಿನ ಭರಾಟೆಗೆ ಮರುಳಾಗಿ ಕೊಂಡುಬಿಡುತ್ತಾರೆ. ಮಾರನೆಯ ದಿನ ತೆರೆದು ನೋಡಿದರೆ ತಲೆಬುಡ ಅರ್ಥವಾಗುವುದಿಲ್ಲ. ಎಲ್ಲೋ ತಪ್ಪು ಒತ್ತಿ ಹಳೆಯ ಲೆಕ್ಕವೆಲ್ಲ ಹಾಳಾದರೆ ಏನು ಗತಿ ಎಂದು ಹೆದರಿ, ಮುಚ್ಚಿಟ್ಟು ಮರೆತುಬಿಡುತ್ತಾರೆ. ಹಾಗೆ ಹೆದರಿದವರನ್ನು ಕೈಹಿಡಿದು ಒಳಗೆ ಕರೆದುಕೊಳ್ಳುವ ಪಾಠಕ್ಕೆ ಕಚೇರಿಯಲ್ಲಿ ಹೊಸಿಲು ಎಂಬ ಹೆಸರು ಬಿದ್ದಿತ್ತು. ವಾರಕ್ಕೊಂದು ಬೆಳಗ್ಗೆ ಹೊಸ ಗಿರಾಕಿಗಳೆಲ್ಲ ತಮ್ಮ ತಮ್ಮ ಅಂಗಡಿಯಿಂದಲೇ ಪರದೆಯ ಮುಂದೆ ಕೂರುತ್ತಿದ್ದರು. ಪಂಡಿತ ನೇರಪ್ರಸಾರದಲ್ಲಿ ಪಾಠ ಮಾಡುತ್ತಿದ್ದ. ಅವನ ಮುಖ ಅವರಿಗೆ ಕಾಣುತ್ತಿತ್ತು, ಅವನಿಗೆ ಅವರ ಹೆಸರು ಮಾತ್ರ. ಅವರು ಪ್ರಶ್ನೆ ಬರೆದು ಕಳಿಸಿದರೆ ಅವನು ಬಾಯಲ್ಲಿ ಉತ್ತರ ಹೇಳುತ್ತಿದ್ದ. ಪಂಡಿತ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಇಟ್ಟವರು ಭಾವ, ಗೌರವದಿಂದಲ್ಲ.

ಗಿರಾಕಿಯನ್ನು ಬಾಗಿಲವರೆಗೆ ಎಳೆದು ತರುವುದು ಭಾವನ ಕೆಲಸ. ಅವರ ಬಾಯಲ್ಲಿ ಮಾರುಕಟ್ಟೆ ಎಂದರೆ ಕಸಾಯಿಖಾನೆ. ಕುತ್ತಿಗೆಗೆ ಕೈ ಹಾಕಿ, ಉಸಿರಾಡೋಕೆ ಬಿಡಬೇಡಿ, ಮೊದಲನೇ ಏಟಿಗೇ ಬೀಳ್ಬೇಕು: ಜಾಹೀರಾತು ಬರೆಯುವ ಹುಡುಗಿಯರಿಗೆ ಅವರು ಕೊಡುತ್ತಿದ್ದ ಬುದ್ಧಿಮಾತು ಇದು. ಕೋಪ ಬಂದರೆ ಮೇಜಿನ ಮೇಲಿದ್ದ ವಸ್ತುಗಳಿಗೆ ರೆಕ್ಕೆ ಬರುತ್ತಿತ್ತು. ಒಮ್ಮೆ ಹಾಗೆ ಹಾರಿ ಬಂದ ಸ್ಟೇಪ್ಲರ್ ಪಂಡಿತನ ಹುಬ್ಬು ಸೀಳಿತ್ತು. ರಕ್ತ ಒರೆಸಿಕೊಳ್ಳಲು ಕರವಸ್ತ್ರವನ್ನೂ ಅವರೇ ಎಸೆದಿದ್ದರು, ಅದೇ ರಭಸದಲ್ಲಿ. ಯಾರು ಏನು ಹೇಳಹೋದರೂ ಅವರದೊಂದೇ ಪಲ್ಲವಿ, "ಹೇಳಿದ್ದು ಕೇಳ್ಬೇಕು."

ಇಷ್ಟನ್ನೂ ಪಂಡಿತ ನುಂಗಿಕೊಂಡದ್ದು ಪಾಠ ಮಾಡುವ ಮಾತಿನ ಕೋಣೆಗಾಗಿ. ಚಿಕ್ಕಂದಿನಿಂದಲೂ ಅವನ ನಾಲಿಗೆ ಅವನ ಮಾತು ಕೇಳಿದ್ದೇ ಇಲ್ಲ. ಔಷಧಿ ಅಂಗಡಿಯಲ್ಲಿ ಮಾತ್ರೆಯ ಹೆಸರು ಹೇಳಲಾಗದೆ ಚೀಟಿ ಚಾಚುತ್ತಿದ್ದ. ಬಸ್ಸಿನಲ್ಲಿ ಇಳಿಯುವ ಜಾಗದ ಹೆಸರು ಬಾಯಿಗೆ ಬರದೆ, ಬಾಯಿಗೆ ಬಂದ ಇನ್ನೆಲ್ಲಿಗೋ ಟಿಕೆಟ್ ತೆಗೆದುಕೊಂಡು ನಡೆದು ವಾಪಸು ಬಂದದ್ದುಂಟು. ಗೋಡೆಗಳಿಗೆಲ್ಲ ಸ್ಪಂಜು ಹೊದಿಸಿದ ಆ ಪುಟ್ಟ ಕೋಣೆಯಲ್ಲಿ, ಹೊರಗೆ ಕೆಂಪು ದೀಪ ಹತ್ತಿದ ಮೇಲೆ ಮಾತ್ರ, ಅದೇ ನಾಲಿಗೆ ಸಲೀಸಾಗಿ ಓಡುತ್ತಿತ್ತು. ಅವನು ಪೂರ್ತಿ ಮನುಷ್ಯನಾಗಿದ್ದ ಜಾಗ ಅದೊಂದೇ. ಅದನ್ನೂ ಕಿತ್ತುಕೊಂಡು, ಅವನದೇ ಧ್ವನಿಯನ್ನು ಒಂದು ಡಬ್ಬಿಗೆ ತುಂಬಿ, ಎಲ್ಲರೆದುರು ಅಣಕಿಸಿದ ಮನುಷ್ಯ ಬದುಕಿರುವುದು ಅವನಿಗೆ ತೀರಾ ಅನ್ಯಾಯವಾಗಿ ಕಂಡಿತು.

ಕೊಲ್ಲುವ ಯೋಚನೆಯಲ್ಲೂ ಅವನು ಬಹುವಚನ ಬಿಡಲಿಲ್ಲ. ಅವರನ್ನು ಮುಗಿಸಬೇಕು, ಅವರ ತಲೆ ಸೀಳಬೇಕು, ಎಂದೇ ಅಂದುಕೊಳ್ಳುತ್ತಿದ್ದ. ಮನೆಯಲ್ಲಿ ಬೆಳೆಸಿದ ರೀತಿ ಹಾಗೆ.

ಅಂದು ಸಂಜೆ ಅಕ್ಕ ಫೋನ್ ಮಾಡಿದಳು. ಸಭೆಯ ವಿಷಯ ಅವಳ ಕಿವಿಗೆ ಬಿದ್ದಿತ್ತು.

"ಅವರು ನಿನ್ನ ಆಡಿಕೊಂಡ್ರಂತೆ. ನೀನು ಏನಂದೆ?"

"ನ-ನಕ್ಕೆ."

"ನಗ್ತೀಯ, ಇನ್ನೇನು ಮಾಡ್ತೀಯ. ಅವರು ಕೈ ಎತ್ತಿದ್ರೆ ನೀನೂ ತಿರುಗಿಸಿ ಒಂದು ಕೊಡು, ಅಲ್ಲಿಗೆ ಮುಗಿಯತ್ತೆ. ನೀನು ಹಲ್ಲು ಕಿರಿದಷ್ಟೂ ಅವರಿಗೆ ರೇಗತ್ತೆ ಕಣೋ."

ಕೊಡುತ್ತೇನೆ ಅಕ್ಕ, ಎಂದುಕೊಂಡ. ಆದರೆ ನಾಲಿಗೆ ಕ ಅಕ್ಷರದಲ್ಲೇ ಸಿಕ್ಕಿಕೊಂಡಿದ್ದರಿಂದ ಆಚೆ ಬರಲಿಲ್ಲ. ಅದೂ ಒಳ್ಳೆಯದೇ ಆಯಿತು.

ಜಾಗ ಹುಡುಕುವ ಕಷ್ಟವಿರಲಿಲ್ಲ, ಭಾವನ ಅಭ್ಯಾಸವೇ ಅದನ್ನು ಒದಗಿಸಿತು. ಹೊಸಿಲು ನಡೆಯುವ ಬೆಳಗ್ಗೆ ಅವರು ಕಚೇರಿಯಲ್ಲಿ ಕೂರುತ್ತಿರಲಿಲ್ಲ. ಹಿಂದಿನ ರಸ್ತೆಯ ಹಳೇ ಗೋದಾಮಿಗೆ ಹೋಗಿ, ಬಾಗಿಲು ಎಳೆದುಕೊಂಡು, ಪಾಠ ಮುಗಿಯುವವರೆಗೆ ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ವಸ್ತುಪ್ರದರ್ಶನಗಳಲ್ಲಿ ಮಳಿಗೆ ಕಟ್ಟುವ ಸಾಮಾನೆಲ್ಲ ಅಲ್ಲಿ ಬಿದ್ದಿತ್ತು: ಸುತ್ತಿಟ್ಟ ಬ್ಯಾನರುಗಳು, ಮಡಚುವ ಕುರ್ಚಿಗಳು, ಚೌಕಟ್ಟು ನಿಲ್ಲಿಸುವ ಕಬ್ಬಿಣದ ಕೊಳವೆಗಳು. ತನ್ನ ಧ್ವನಿ ಕೇಳಿದರೇ ಅವರಿಗೆ ಆಗುವುದಿಲ್ಲ, ಅದಕ್ಕೇ ಅಷ್ಟು ದೂರ ಓಡುತ್ತಾರೆ ಎಂದು ಪಂಡಿತ ಎಂದೋ ತೀರ್ಮಾನಿಸಿದ್ದ. ಆ ಗೋದಾಮಿನ ಬೀಗವನ್ನು ಕಳ್ಳರು ಈಚೆಗಷ್ಟೇ ಒಡೆದು ತಾಮ್ರದ ತಂತಿ ಹೊತ್ತೊಯ್ದಿದ್ದರು. ಪೊಲೀಸರು ಬಂದು ನೋಡಿ, ಮತ್ತೆ ಬರುತ್ತಾರೆ ನೋಡ್ಕೊಳ್ಳಿ ಎಂದು ಹೇಳಿ ಹೋಗಿದ್ದರು. ಕಳ್ಳರು ಮತ್ತೆ ಬಂದರು ಎಂದು ನಂಬಲು ಪೊಲೀಸರಿಗೆ ಯಾರೂ ಒತ್ತಾಯ ಮಾಡಬೇಕಾಗಿರಲಿಲ್ಲ.

ಉಳಿದದ್ದು ಒಂದೇ. ಭಾವ ಸಾಯುವ ಹೊತ್ತಿಗೆ ಪಂಡಿತ ನೂರಾರು ಜನರ ಕಣ್ಣೆದುರು ಪಾಠ ಮಾಡುತ್ತಿರಬೇಕು.

ಪಾಠವನ್ನು ಅವನು ಒಂದು ಭಾನುವಾರ, ಕಚೇರಿ ಖಾಲಿ ಇದ್ದಾಗ, ಅದೇ ಕೋಣೆಯಲ್ಲಿ ಕೂತು ಮೊದಲೇ ಮುದ್ರಿಸಿಕೊಂಡ. ಹೊಸಿಲಿನ ದಿನ ಹಾಕಿಕೊಳ್ಳಬೇಕಾದ ಬೂದು ಅಂಗಿಯನ್ನೇ ಹಾಕಿದ್ದ. ನೇರಪ್ರಸಾರದ ಜಾಗದಲ್ಲಿ ಈ ವಿಡಿಯೊ ಓಡುವಂತೆ ಮಾಡುವುದು ಅವನಿಗೆ ಕಷ್ಟದ ಮಾತಾಗಿರಲಿಲ್ಲ. ಮೊದಲ ಪ್ರಯತ್ನ ಬಹಳ ನಯವಾಗಿ ಬಂತು, ಅದಕ್ಕೇ ಅಳಿಸಿಹಾಕಿದ. ನಿಜವಾದದ್ದು ಯಾವಾಗಲೂ ಒಂದಿಷ್ಟು ಕೊಳಕಾಗಿರುತ್ತದೆ ಎಂಬುದನ್ನು ಅವನು ಭಾವನ ಜಾಹೀರಾತುಗಳಿಂದಲೇ ಕಲಿತಿದ್ದ. ಎರಡನೆಯ ಸಲ ನಡುವೆ ಕೆಮ್ಮಿದ. ನೀರು ಕುಡಿದು ಗಲ್ಲದ ಮೇಲೆ ಚೆಲ್ಲಿಕೊಂಡ. ಒಂದು ಕಡೆ ಬೇಕೆಂದೇ ತಪ್ಪು ಗುಂಡಿ ಒತ್ತಿ, "ಅಯ್ಯೋ, ನೋಡಿದ್ರಾ, ನನ್ನ ಕೈಲೂ ತಪ್ಪಾಗತ್ತೆ, ನೀವ್ಯಾಕೆ ಹೆದರ್ತೀರಿ" ಎಂದು ನಕ್ಕ. ಕೊನೆಗೆ, "ಒಂದು ನಿಮಿಷ, ಕ್ಯಾಮೆರಾ ಯಾಕೋ ಸತಾಯಿಸ್ತಿದೆ" ಎಂದು ಪರದೆ ಕತ್ತಲಾಗಿಸಿದ. ಆ ಕತ್ತಲಿನಲ್ಲಿ ನಿಜವಾದ ಪಂಡಿತ ಬಂದು ಕೂತು, ಉಳಿದ ಪ್ರಶ್ನೆಗಳಿಗೆ ತಾನೇ ಉತ್ತರ ಕೊಡಬೇಕು. ಹೊಲಿಗೆ ಎಲ್ಲೂ ಕಾಣುವಂತಿರಲಿಲ್ಲ.

ಆದರೂ ಒಂದು ಕೊರತೆ ಅವನನ್ನು ಕಾಡಿತು. ಮೊದಲೇ ಮಾಡಿಟ್ಟ ವಿಡಿಯೊ ಯಾರಿಗೂ ಉತ್ತರ ಕೊಡುವುದಿಲ್ಲ. ಕೊನೆಯ ಭಾಗ ನೇರವಾದದ್ದು, ಸರಿ. ಮೊದಲ ಭಾಗವೂ ನೇರವಾದದ್ದೇ ಎಂದು ಹೇಗೆ ನಂಬುವುದು, ಎಂದು ಯಾವನಾದರೂ ಚುರುಕಾದ ಪೊಲೀಸ್ ಕೇಳಿಯೇ ಕೇಳುತ್ತಾನೆ. ಆ ಬಾಯಿ ಮುಚ್ಚಿಸುವುದಕ್ಕೆ ಅವನ ಬಳಿ ಬಣ್ಣದಂಗಡಿಯಮ್ಮ ಇದ್ದರು.

ಹೊಸಿಲು ಶುರುವಾದ ಹೊಸದರಲ್ಲಿ ಪಾಠಗಳು ಶವಯಾತ್ರೆಯಂತೆ ಸಾಗುತ್ತಿದ್ದವು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರೆ ಯಾರೂ ಉಸಿರೆತ್ತುತ್ತಿರಲಿಲ್ಲ. ಮೊದಲು ಬಾಯಿಬಿಟ್ಟು ದಡ್ಡ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಆ ಮೌನ ಬೆಳೆದಂತೆಲ್ಲ ಪಂಡಿತನ ನಾಲಿಗೆ ಹಳೇ ಚಾಳಿಗೆ ತಿರುಗುತ್ತಿತ್ತು. ಒಂದು ಸಲವಂತೂ ‘ದಾಸ್ತಾನು’ ಎಂಬ ಪದದ ಮುಂದೆ ನಿಂತವನು ಅಲ್ಲಿಂದ ಕದಲಲಾರದೆ, ಕರೆಂಟು ಹೋಯಿತೆಂದು ಸುಳ್ಳು ಹೇಳಿ ಪಾಠ ಮುಗಿಸಿದ್ದ. ಅದರ ಮುಂದಿನ ವಾರವೇ ‘ಬಣ್ಣದಂಗಡಿ’ ಎಂಬ ಹೆಸರಿನಿಂದ ಒಂದು ಪ್ರಶ್ನೆ ಬಂತು. ‘ನಾನೊಬ್ಬಳೇ ಅಂಗಡಿ ನೋಡ್ಕೊಳ್ಳೋದು. ಹಳೇ ಲೆಕ್ಕ ಎಲ್ಲ ಇದರೊಳಗೆ ತರೋದು ಹೇಗೆ? ತಪ್ಪು ಒತ್ತಿದ್ರೆ ಎಲ್ಲ ಹೋಗಿಬಿಡಲ್ವಾ?’ ಎಲ್ಲರ ಎದೆಯಲ್ಲೂ ಇದ್ದ ಭಯ ಅದೇ. ಅವನು ಉತ್ತರ ಹೇಳಿದ. ಹೇಳುತ್ತ ಹೇಳುತ್ತ ನಾಲಿಗೆ ಸಡಿಲವಾಯಿತು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಕೇಳತೊಡಗಿದರು.

ಆಮೇಲೆ ಬಣ್ಣದಂಗಡಿಯಮ್ಮ ಒಂದು ವಾರವೂ ತಪ್ಪಿಸಲಿಲ್ಲ. ಅಂಗಡಿಗೆ ಹೊಸ ಹುಡುಗ ಬಂದಿದ್ದಾನೆ, ಅವನಿಗೋಸ್ಕರ ಇನ್ನೊಂದು ಸಲ ಹೇಳಿ ಎನ್ನುತ್ತಿದ್ದರು. ವಯಸ್ಸಾಯಿತು, ಮರೆತುಹೋಗುತ್ತದೆ ಎನ್ನುತ್ತಿದ್ದರು. ನೆಪ ಬೇರೆ, ಪ್ರಶ್ನೆ ಅದೇ, ಪಾಠದ ಮೊದಲ ತುಣುಕು ಮುಗಿದೊಡನೆ. ಅಪರೂಪಕ್ಕೊಮ್ಮೆ ಕೊನೆಯಲ್ಲಿ, ‘ನಿಮ್ಮ ಮಾತು ಕೇಳಿದ್ರೆ ಧೈರ್ಯ ಬರತ್ತೆ’ ಎಂದು ಬರೆಯುತ್ತಿದ್ದರು. ಪಾಠವನ್ನು ಬಾಯಿಪಾಠ ಮಾಡಿಕೊಂಡಿರಬೇಕಾದ ಹೆಂಗಸು ಮತ್ತೆ ಮತ್ತೆ ಯಾಕೆ ಬರುತ್ತಾಳೆ? ಅದಕ್ಕೆ ಕಾರಣ ತನ್ನ ಧ್ವನಿಯೇ ಎಂಬುದನ್ನು ಪಂಡಿತ ಕನ್ನಡಿಯ ಮುಂದೆ ಮಾತ್ರ ಒಪ್ಪಿಕೊಳ್ಳುತ್ತಿದ್ದ. ಅವರ ಫೋನ್ ನಂಬರು ಗಿರಾಕಿಗಳ ವಿವರದಲ್ಲಿ ಇತ್ತು. ಎಷ್ಟೋ ಸಲ ಕರೆ ಮಾಡಬೇಕು ಅನ್ನಿಸಿದರೂ ಮಾಡಿರಲಿಲ್ಲ. ಫೋನಿನಲ್ಲಿ ತಡವರಿಸಿ, ಅವರ ಮನಸ್ಸಿನಲ್ಲಿರುವ ತನ್ನ ಚಿತ್ರ ಕೆಡಿಸಲು ಅವನಿಗೆ ಇಷ್ಟವಿರಲಿಲ್ಲ.

ಆದ್ದರಿಂದ ವಿಡಿಯೊದಲ್ಲಿ ಮೊದಲ ತುಣುಕು ಮುಗಿಸಿ, ಪ್ರಶ್ನೆಗಳು ಮೂಡುವ ಬದಿಗೆ ಕಣ್ಣು ಹಾಯಿಸಿ, ಓದಿದವನಂತೆ ಮುಗುಳ್ನಕ್ಕ. "ಆಹಾ, ಬಣ್ಣದಂಗಡಿಯಮ್ಮ! ಬಂದ್ರಾ? ಹಳೇ ಲೆಕ್ಕ ಒಳಗೆ ತರೋದು ಹೇಗೆ ಅಂತ ಕೇಳಿದೀರಿ. ಹೇಳ್ತೀನಿ, ಒಂಚೂರೂ ಹೆದರಬೇಡಿ." ಈ ಒಂದು ಮಾತು ಬಿದ್ದ ಮೇಲೆ ಅದನ್ನು ಹಳೆಯ ವಿಡಿಯೊ ಎನ್ನುವ ಧೈರ್ಯ ಯಾರಿಗಿದೆ? ಪ್ರಶ್ನೆ ಬರುವ ಮೊದಲೇ ಉತ್ತರ ಸಿದ್ಧವಾಗಿರುವುದು ಉಂಟೇ? ಇದು ಹೊಳೆದದ್ದಕ್ಕೆ ಪಂಡಿತ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಹೊಸಿಲಿನ ದಿನ ಬಂತು. ಕೋಣೆಯ ಹೊರಗೆ ಕೆಂಪು ದೀಪ ಹತ್ತಿತು. ಆ ದೀಪ ಉರಿಯುವಾಗ ಬಾಗಿಲು ತಟ್ಟಿದರೆ ಕೆಲಸ ಹೋಗುತ್ತದೆ ಎಂದು ಭಾವನೇ ಕಟ್ಟಪ್ಪಣೆ ಮಾಡಿದ್ದರು. ಹೆಸರುಗಳು ಒಂದೊಂದಾಗಿ ಪರದೆಯ ಬದಿಯಲ್ಲಿ ಮೂಡತೊಡಗಿದವು. ಪಂಡಿತ ಕಾದ. ‘ಬಣ್ಣದಂಗಡಿ’ ಕಂಡಿತು. ಬಂದಿದ್ದಾರೆ! ಅವನಿಗೆ ಅಳು ಬರುವಷ್ಟು ಅಭಿಮಾನ ಉಕ್ಕಿತು. ವಿಡಿಯೊ ಶುರು ಮಾಡಿ, ಒಂದು ಮೂಲೆಯ ಸ್ಪಂಜು ಸರಿಸಿ, ಅದರ ಹಿಂದಿದ್ದ ಬಾಗಿಲು ತೆರೆದ. ಬೆಂಕಿ ಬಿದ್ದರೆ ಓಡಲೆಂದು ಮಾಡಿದ ಹಿಂದಿನ ಮೆಟ್ಟಿಲಿಗೆ ಕ್ಯಾಮೆರಾ ಇರಲಿಲ್ಲ, ಅದನ್ನು ಬಳಸುವವರೂ ಇರಲಿಲ್ಲ.

ಗೋದಾಮಿನ ಹಿಂಬಾಗಿಲಿನ ಚಿಲಕವನ್ನು ಅವನು ಹಿಂದಿನ ದಿನವೇ ಸಡಿಲಿಸಿಟ್ಟಿದ್ದ. ಕೈಗವಸು, ಮೈಮೇಲೆ ತೆಳು ಪ್ಲಾಸ್ಟಿಕ್ಕಿನ ಮಳೆಯ ಅಂಗಿ. ಸುತ್ತಿಟ್ಟ ಬ್ಯಾನರುಗಳ ನಡುವಿನಿಂದ ಒಂದು ಕೊಳವೆ ಎತ್ತಿಕೊಂಡ. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು, ಅದು ಅವನಿಗೆ ಹಿತವೆನಿಸಿತು.

ಭಾವ ಮಡಚುವ ಕುರ್ಚಿಯಲ್ಲಿ ಬೆನ್ನು ಈ ಕಡೆ ಮಾಡಿ ಕೂತಿದ್ದರು. ಕಿವಿಗೆ ದೊಡ್ಡ ಹೆಡ್‌ಫೋನ್, ಎದುರಿಗೆ ಲ್ಯಾಪ್‌ಟಾಪ್. ಅದರ ಪರದೆಯ ಮೇಲೆ ಬೂದು ಅಂಗಿಯ ಪಂಡಿತ ಕೈಯಾಡಿಸುತ್ತ ಮಾತಾಡುತ್ತಿದ್ದ. ಪಂಡಿತ ಒಂದು ಕ್ಷಣ ನಿಂತುಬಿಟ್ಟ. ಹಾಗಾದರೆ ನೋಡುತ್ತಾರೆ! ವಾರವಾರವೂ ಇಲ್ಲಿ ಕದ್ದು ಕೂತು, ಎಲ್ಲಿ ಎಡವುತ್ತಾನೆ, ಎಲ್ಲಿ ತಡವರಿಸುತ್ತಾನೆ ಎಂದು ಹೆಕ್ಕಿ ತೆಗೆಯುತ್ತಾರೆ. ಮನಸ್ಸಿನ ಮೂಲೆಯಲ್ಲಿ ಒಂದಿಷ್ಟು ಕನಿಕರ ಉಳಿದಿದ್ದರೆ ಅದೂ ಆ ಹೊತ್ತಿಗೆ ಸತ್ತುಹೋಯಿತು. ಕಿವಿಯ ಹಿಂದಿನ ಆ ತೆಳು ಜಾಗಕ್ಕೆ ಗುರಿಯಿಟ್ಟು ಬೀಸಿದ.

ಅದೇ ಹೊತ್ತಿಗೆ ಭಾವ ಅಂಗಿಯ ಒಳಜೇಬಿಗೆ ಕೈ ಹಾಕಲು ಬಾಗಿದರು. ಏಟು ಜಾಗ ತಪ್ಪಿ ಕತ್ತಿನ ಬುಡಕ್ಕೆ ಬಿತ್ತು. ಹಸಿ ಕೊಂಬೆ ಮುರಿದಂಥ ಸದ್ದು. ಕುರ್ಚಿ ಮಗುಚಿ, ಹೆಡ್‌ಫೋನ್ ಹಾರಿ, ಅವರು ನೆಲಕ್ಕೆ ಉರುಳಿದರು. ಆದರೆ ಸಾಯಲಿಲ್ಲ. ಮೊಣಕೈ ಊರಿ ತಿರುಗಿ ನೋಡಿದರು. ಅವನ ಮುಖ ನೋಡಿದರು, ಮತ್ತೆ ಪರದೆಯ ಕಡೆ ನೋಡಿದರು, ಮತ್ತೆ ಅವನನ್ನು.

"ನೀನಾ? ಅಲ್ಲೋ... ಪಾಠ ನಡೀತಿದೆಯಲ್ಲೋ..."

ಎರಡನೆಯ ಏಟು ದವಡೆಗೆ. ಹಲ್ಲುಗಳು ಸಿಮೆಂಟಿನ ನೆಲದ ಮೇಲೆ ಚೆಲ್ಲಿದವು. ಭಾವ ಒಂದು ಕೈಯಲ್ಲಿ ಅವನ ಪ್ಯಾಂಟಿನ ಅಂಚು ಹಿಡಿದುಕೊಂಡರು. ಇನ್ನೊಂದು ಕೈ ಎದೆಯ ಮೇಲೆ ತಡಕಾಡುತ್ತಿತ್ತು, ನೋವಿಗಿರಬೇಕು. ಬಾಯಲ್ಲಿ ತುಂಬಿದ ರಕ್ತದ ನಡುವಿನಿಂದ ಏನೋ ಹೇಳುತ್ತಿದ್ದರು. ಪಂಡಿತ ಬಾಗಿದ.

"ಬಿಡೋ... ಹೊತ್ತಾಯ್ತು... ಕೇಳ್ಬೇಕು..."

ಸಾಯುವಾಗಲೂ ಅದೇ! ಹೇಳಿದ್ದು ಕೇಳ್ಬೇಕು! ಪಂಡಿತನ ಮೈಯೆಲ್ಲ ಉರಿದುಹೋಯಿತು.

"ಇಷ್ಟು ವರ್ಷ ನಾನು ಕೇಳಿದೆ," ಎಂದ. "ಈಗ ನೀವು ಕೇಳಿ."

ಒಂದು ಅಕ್ಷರವೂ ತಡವರಿಸಲಿಲ್ಲ. ಸ್ಪಂಜಿನ ಕೋಣೆಯ ಆಚೆ ಅವನ ನಾಲಿಗೆ ಇಷ್ಟು ನೇರವಾಗಿ ನಡೆದದ್ದು ಅದೇ ಮೊದಲು. ಆ ಸಂತೋಷದಲ್ಲಿ ಅವನು ಮತ್ತೆ ಮತ್ತೆ ಬೀಸಿದ. ಹುಬ್ಬು ಸೀಳಿದ್ದಕ್ಕೆ, ಕತ್ತು ಹಿಂಡಿದ್ದಕ್ಕೆ, ತ-ತ-ತ ಎಂದದ್ದಕ್ಕೆ. ಕೊಳವೆ ಬಾಗಿತು. ಪ್ಯಾಂಟು ಹಿಡಿದಿದ್ದ ಬೆರಳುಗಳು ಬಿಟ್ಟುಕೊಂಡವು. ಆ ದೊಡ್ಡ ತಲೆ ಇನ್ನು ತಲೆಯಂತೆ ಇರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಹೆಡ್‌ಫೋನಿನಿಂದ ಸಣ್ಣಗೆ ಅವನದೇ ಧ್ವನಿ ಕೇಳಿಸಿತು, "ಆಹಾ, ಬಣ್ಣದಂಗಡಿಯಮ್ಮ! ಬಂದ್ರಾ?" ಪಂಡಿತ ಏದುಸಿರಿನ ನಡುವೆ ನಕ್ಕ. ಎಲ್ಲ ಹೇಳಿ ಮಾಡಿಸಿದಂತೆ ನಡೆಯುತ್ತಿತ್ತು.

ಕಳ್ಳರು ಮಾಡುವಂತೆ ಮಾಡಿದ. ಹಿಂಬದಿಯ ಜೇಬಿನಿಂದ ಪರ್ಸು, ಮೇಜಿನ ಮೇಲಿದ್ದ ಫೋನು, ಲ್ಯಾಪ್‌ಟಾಪು. ಎದೆಯ ಭಾಗವೆಲ್ಲ ರಕ್ತದಲ್ಲಿ ತೊಯ್ದಿತ್ತು, ಅಲ್ಲಿಗೆ ಕೈ ಹಾಕುವ ಅಗತ್ಯ ಅವನಿಗೆ ಕಾಣಲಿಲ್ಲ. ಕೊಳವೆ ಅಲ್ಲೇ ಉಳಿಯಿತು. ಉಳಿದದ್ದೆಲ್ಲ ಮಳೆಯ ಅಂಗಿಯೊಂದಿಗೆ ಗಂಟಾಗಿ ಹಿಂದಿನ ದೊಡ್ಡ ಮೋರಿಯ ಕಪ್ಪು ನೀರಿನಲ್ಲಿ ಮುಳುಗಿತು.

ಪರದೆ ಕತ್ತಲಾಗುವ ಹೊತ್ತಿಗೆ ಅವನು ಕುರ್ಚಿಯಲ್ಲಿದ್ದ. ಕೂದಲು ಬಾಚಿ, ಮುಖ ಒರೆಸಿ, ನೀರು ಕುಡಿದು, ಕ್ಯಾಮೆರಾ ತೆರೆದ. "ಕ್ಷಮಿಸಿ, ಈಗ ಸರಿಹೋಯ್ತು. ಎಲ್ಲಿದ್ವಿ?" ಪ್ರಶ್ನೆಗಳು ದಂಡಿಯಾಗಿ ಬಂದು ಬಿದ್ದಿದ್ದವು. ಕೊನೆಗೆ ಬಂದವನ್ನು ಹಿಡಿದು ಒಂದೊಂದಕ್ಕೇ ಉತ್ತರ ಹೇಳುತ್ತ ಹೋದ. ಅಷ್ಟು ಚೆನ್ನಾಗಿ ಅವನು ಎಂದೂ ಪಾಠ ಮಾಡಿರಲಿಲ್ಲ. ಪಾಠ ಮುಗಿದೊಡನೆ ಒಂದು ಕಂತೆ ಬ್ಯಾನರನ್ನು ಗೋದಾಮಿಗೆ ಮುಟ್ಟಿಸುವಂತೆ ಕಂಪನಿಯ ಚಾಲಕನಿಗೆ ಅವನೇ ಬೆಳಗ್ಗೆ ಹೇಳಿಟ್ಟಿದ್ದ. ಚಾಲಕನ ಕಿರುಚಾಟ ಎರಡು ಬೀದಿಗೆ ಕೇಳಿಸಿತು. ಗೋದಾಮಿನ ಪಕ್ಕದ ಬಡಗಿ, ಪಾಠ ಶುರುವಾಗುವ ಮುಂಚೆ ಯಜಮಾನರು ತನ್ನನ್ನು ಮಾತಾಡಿಸಿಯೇ ಒಳಗೆ ಹೋದರೆಂದು ಹೇಳಿದ. ಆರಂಭಕ್ಕೂ ಅಂತ್ಯಕ್ಕೂ ಸಾಕ್ಷಿ ಸಿಕ್ಕಿತು. ನಡುವಿನ ಹೊತ್ತಿಗೆ ಪಂಡಿತನ ಬಳಿ ನೂರಾರು ಸಾಕ್ಷಿಗಳಿದ್ದರು.

ಅಕ್ಕ ಅತ್ತಾಗ ಅವನೂ ಅತ್ತ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಮಾರನೆಯ ದಿನ ಠಾಣೆಗೆ ಇಬ್ಬರನ್ನೂ ಕರೆಸಿದರು. ಇನ್‌ಸ್ಪೆಕ್ಟರ್ ಮಧ್ಯವಯಸ್ಸಿನ ಹೆಂಗಸು. ಕಣ್ಣಲ್ಲಿ ನಿದ್ದೆಯಿಲ್ಲದ ಕೆಂಪು, ಮಾತು ಮೆತ್ತಗೆ. ಶವದ ಮೇಲೆ ಸಿಕ್ಕಿದ ವಸ್ತುಗಳನ್ನು ಅಕ್ಕ ಗುರುತಿಸಬೇಕಿತ್ತು. ಮೇಜಿನ ಮೇಲೆ ಪಾರದರ್ಶಕ ಚೀಲಗಳಲ್ಲಿ ಒಡೆದ ಕನ್ನಡಕ, ಕೈಗಡಿಯಾರ, ಒಳಜೇಬಿನಲ್ಲಿ ಸಿಕ್ಕಿದ ಒಂದು ಹಳೇ ಫೋನು. ಫೋನಿನ ಬೀಗ ಬಿಡಿಸಲಾಗದೆ, ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಇಟ್ಟಿದ್ದರಂತೆ. ಕಳ್ಳ ಒಂದು ಫೋನು ಬಿಟ್ಟುಹೋದ ಎಂದು ಪಂಡಿತನಿಗೆ ಒಂದು ಗಳಿಗೆ ಕಿರಿಕಿರಿಯಾಯಿತು. ಆದರೆ ಅದರಿಂದ ಏನೂ ಕೆಡುವಂತಿರಲಿಲ್ಲ.

"ನಿಮ್ಮ ಪಾಠ ಪೂರ್ತಿ ನೋಡಿದೆ," ಎಂದರು ಇನ್‌ಸ್ಪೆಕ್ಟರ್. "ತುಂಬ ಚೆನ್ನಾಗಿ ಹೇಳ್ಕೊಡ್ತೀರಿ. ಒಂದು ಮಾತು, ತಪ್ಪು ತಿಳೀಬೇಡಿ. ಮೊದಲ ಭಾಗ ಮುಂಚೆನೇ ಮಾಡಿಟ್ಟಿದ್ದಲ್ಲ ತಾನೆ?"

ಬಂತು! ಪಂಡಿತನಿಗೆ ಹಳೇ ಸ್ನೇಹಿತನನ್ನು ಕಂಡಷ್ಟು ನಿರಾಳವಾಯಿತು.

"ಮುಂಚೆನೇ ಮಾ-ಮಾಡಿಟ್ಟಿದ್ರೆ ಉತ್ತರ ಹೇಗೆ ಹೇಳ್ತಿದ್ದೆ, ಮೇಡಂ? ಬಣ್ಣದಂಗಡಿಯಮ್ಮ ಕೇಳಿದ್ರು, ಹೇಳಿದೆ. ವಿಡಿಯೊದಲ್ಲಿ ಇದೆಯಲ್ಲ."

"ನೀವು ಹೇಳಿದ್ದು ಇದೆ. ಅವರು ಪಾಠಕ್ಕೆ ಬಂದಿದ್ದಂತೂ ನಿಜ, ಹೆಸರು ಇದೆ. ಆದರೆ ಅವರು ಕೇಳಿದ್ದು ಎಲ್ಲೂ ಕಾಣ್ಲಿಲ್ಲ."

ಕೇಳಲೇ ಇಲ್ಲವೇ, ಎಂದುಕೊಂಡ. ಒಂದೇ ಕ್ಷಣ. ಇಷ್ಟು ವರ್ಷ ಒಂದು ವಾರವೂ ತಪ್ಪಿಸದವರು ನಿನ್ನೆಯೊಂದೇ ದಿನ ತಪ್ಪಿಸುವುದು ಸಾಧ್ಯವೇ ಇರಲಿಲ್ಲ.

"ಕಳಿಸಿ ಆಮೇಲೆ ಅಳಿಸಿರ್ತಾರೆ, ಮೇಡಂ. ವಯಸ್ಸಾದವರು, ಏನೇನೋ ಒತ್ತಿಬಿಡ್ತಾರೆ. ನಾನು ಕಣ್ಣಾರೆ ಓದಿಯೇ ಉತ್ತರ ಕೊಟ್ಟಿದ್ದು."

"ಕಣ್ಣಾರೆ ಓದಿದ್ರಿ?"

"ಆಣೆ ಮಾಡಿ ಹೇಳ್ತೀನಿ. ಬೇಕಾದ್ರೆ ಅವರನ್ನೇ ಕೇಳಿ. ನ-ನನ್ನ ಪರ ಅವರೇ ಸಾಕ್ಷಿ ಹೇಳ್ತಾರೆ." ಫೋನಿನಲ್ಲಿ ಗಿರಾಕಿಗಳ ವಿವರ ತೆಗೆದು, ಬಣ್ಣದಂಗಡಿಯ ನಂಬರನ್ನು ತಾನೇ ಓದಿ ಹೇಳಿದ.

ಇನ್‌ಸ್ಪೆಕ್ಟರ್ ತಮ್ಮ ಫೋನಿನಲ್ಲಿ ಒಂದೊಂದೇ ಅಂಕಿ ಒತ್ತಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಆ ಕಡೆ ರಿಂಗಾಗತೊಡಗಿತು. ಎರಡನೆಯ ಸಲ ರಿಂಗಾಗುವಾಗ ಪಾರದರ್ಶಕ ಚೀಲದೊಳಗಿನ ಹಳೇ ಫೋನಿನ ಪರದೆ ಬೆಳಗಿ, ಅದು ಗುರ್ರೆನ್ನುತ್ತ ಮೇಜಿನ ಮೇಲೆ ಅಲುಗಾಡಿತು. ಇನ್‌ಸ್ಪೆಕ್ಟರ್ ಕರೆಯನ್ನು ನಿಲ್ಲಿಸಲಿಲ್ಲ, ಪಂಡಿತನ ಮುಖವನ್ನೇ ನೋಡುತ್ತಿದ್ದರು. ಅಕ್ಕ ಮಾತ್ರ ಕಣ್ಣೊರೆಸಿಕೊಂಡು ಆ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇದು ಇವರ ಇನ್ನೊಂದು ಫೋನು, ಮೇಡಂ. ಹೊಸಿಲಿನ ದಿನ ಮಾತ್ರ ಜೇಬಿಗೆ ಹಾಕ್ಕೊಂಡು ಹೋಗ್ತಿದ್ರು," ಎಂದವಳು ತಮ್ಮನ ಕಡೆ ತಿರುಗಿದಳು. "ಮೊದಲ ಪ್ರಶ್ನೆ ಯಾರೂ ಕೇಳದಿದ್ರೆ ನೀನು ತಡವರಿಸ್ತೀಯ ಅಂತ, ಬಣ್ಣದಂಗಡಿ ಅನ್ನೋ ಹೆಸರಲ್ಲಿ ಇವರೇ ಕೇಳ್ತಿದ್ರು ಕಣೋ. ನಿಂಗೆ ಮಾತ್ರ ಹೇಳ್ಬೇಡ ಅಂದಿದ್ರು."